ಎಂಬತ್ನಾಲ್ಕು ಎಂದು ಬರೆದ ಸಂಜೆ

ಜಾಬ್ರಿಯಾದ ನಮ್ಮ ಕಟ್ಟಡಕ್ಕೆ ಹನ್ನೆರಡು ಮಹಡಿ. ಕುವೈತಿನಲ್ಲಿದ್ದುಕೊಂಡು ಬೆಟ್ಟ ಹತ್ತುವುದನ್ನು ಅಭ್ಯಾಸ ಮಾಡಬೇಕೆಂದರೆ ಮೆಟ್ಟಿಲುಗಳೇ ಗತಿ. ಜಹ್ರಾ ದಾಟಿದ ಮೇಲೆ ಒಂದು ದಿಬ್ಬದ ಸಾಲು ಇದೆ, ನಿಜ. ಆದರೆ ಮೇ ತಿಂಗಳ ನಂತರ ಅಲ್ಲಿಗೆ ನಡೆಯಲು ಹೋಗುವವರು ಯಾರೂ ಇಲ್ಲ. ಆದ್ದರಿಂದ ಮೇ ಮತ್ತು ಜೂನ್ ಪೂರ್ತಿ, ಅಕ್ಕ, ಭಾವ, ನಾನು ಮೂವರೂ ಸಂಜೆ ಏಳರ ಮೇಲೆ ಬೆನ್ನಿಗೆ ಚೀಲ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದೆವು. ಚೀಲದಲ್ಲಿ ಅಕ್ಕಿಯ ಪೊಟ್ಟಣಗಳು, ನೀರಿನ ಬಾಟಲಿಗಳು. ಮೆಟ್ಟಿಲ ಸಾಲಿಗೆ ಎ.ಸಿ. ಇರಲಿಲ್ಲ. ಐದನೆಯ ಮಹಡಿಗೆ ಬರುವಷ್ಟರಲ್ಲಿ ಗೋಡೆಯೇ ಉಸಿರಾಡಿದಂತೆ ಬಿಸಿ ಹೊಡೆಯುತ್ತಿತ್ತು.

ಹನ್ನೆರಡನೆಯ ಮಹಡಿ ಮುಟ್ಟಿದ ಮೇಲೆ ಲಿಫ್ಟಿನಲ್ಲಿ ಕೆಳಗೆ ಬಂದು ಮತ್ತೆ ಹತ್ತುತ್ತಿದ್ದೆವು. ಹೀಗೆ ಆರು ಸಲ. ಇಳಿಯುವಾಗಲೂ ಮೆಟ್ಟಿಲಲ್ಲೇ ಬರೋಣವೇ ಎಂದು ನಾನು ಒಮ್ಮೆ ಕೇಳಿದೆ.

"ಇಳೀಲಿಕ್ಕೆ ಎಂತ ಕಲೀಲಿಕ್ಕುಂಟು ಮಾರಾಯ್ತಿ? ಚೆಂಡು ಸಹ ಇಳೀತದೆ" ಎಂದಳು ಅಕ್ಕ.

ಅವಳು ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸ್. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದು ಹತ್ತುತ್ತಿದ್ದಳು. ಇಳಿಯುವ ಆ ಎರಡು ನಿಮಿಷ ಲಿಫ್ಟಿನ ತಣ್ಣನೆಯ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಅದನ್ನು ಅವಳಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ನಾನು ಅವರ ಫ್ಲ್ಯಾಟಿನ ಸಣ್ಣ ಕೋಣೆಯಲ್ಲಿದ್ದೇನೆ. ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ. ರಕ್ತದ ಮಾದರಿ ನೋಡುವುದು, ಅಂಕಿ ಬರೆಯುವುದು. ಅಕ್ಕ ಮತ್ತು ನಾನು ಮಂಗಳೂರಿನ ಕೊಂಕಣಿ ಮಾತಿನವರು. ಭಾವ ಬೆಳೆದದ್ದು ಭದ್ರಾವತಿಯಲ್ಲಿ. ಕೊಂಕಣಿ ಅವರಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಹಾಗಾಗಿ ಮನೆಯ ಮಾತು ಕನ್ನಡ. ಅವರು ರಾಯ್ ಎಂಬ ಬಡಾವಣೆಯ ಒಂದು ವರ್ಕ್‌ಶಾಪಿನಲ್ಲಿ ಫೋರ್‌ಮನ್, ಎ.ಸಿ. ರಿಪೇರಿ. ತಗಡಿನ ಶೆಡ್ಡು. ಬೇಸಗೆಯಲ್ಲಿ ಅಲ್ಲಿ ಯಾರಾದರೂ ತಲೆನೋವು ಎಂದರೆ ಅದಕ್ಕೆ ಒಂದೇ ಅರ್ಥ: ನೀರು ಸಾಲಲಿಲ್ಲ. ಬಾಟಲಿ ನೀರು, ಚಿಟಿಕೆ ಉಪ್ಪು, ಹತ್ತು ನಿಮಿಷ ನೆರಳು, ಆಮೇಲೆ ಯಲ್ಲಾ, ನಡಿ ಕೆಲಸಕ್ಕೆ. ಹದಿನಾರು ವರ್ಷ ಅವರು ಹೀಗೆಯೇ ಕಳೆದಿದ್ದರು. ಹುಷಾರಿಲ್ಲ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ.

ಕಾಶ್ಮೀರದ ಮೇಲಿನ ಸರೋವರಗಳನ್ನು ನೋಡಬೇಕೆಂಬುದು ಅಕ್ಕನ ಆಸೆ. ಮದುವೆಯಾದ ವರ್ಷ ಯಾರೋ ರೋಗಿಯ ತಾಯಿ ಅವಳಿಗೆ ಫೋನಿನಲ್ಲಿ ಚಿತ್ರಗಳನ್ನು ತೋರಿಸಿದ್ದಳಂತೆ. ಕಪ್ಪು ಬಂಡೆಗಳ ನಡುವೆ ಹಸಿರು ನೀರು, ಜುಲೈಯಲ್ಲೂ ತೇಲುವ ಮಂಜುಗಡ್ಡೆ. ಅಂದಿನಿಂದ ಎಂಟು ವರ್ಷ ಅವಳಿಗೆ ರಜೆ ಸಿಕ್ಕಾಗ ಭಾವನಿಗೆ ಸಿಗುತ್ತಿರಲಿಲ್ಲ, ಅವರಿಗೆ ಸಿಕ್ಕಾಗ ಅವಳಿಗಿಲ್ಲ. ಈ ವರ್ಷ ಮೊದಲ ಬಾರಿಗೆ ಇಬ್ಬರದೂ ಕೂಡಿ ಬಂದಿತ್ತು. ನನ್ನನ್ನು ಜೊತೆಗೆ ಸೇರಿಸಿಕೊಂಡರು.

ಹೊರಡುವ ಮುಂಚೆ ರಾಯ್‌ನಲ್ಲಿ ಮರುಭೂಮಿಯ ಕ್ಯಾಂಪಿನ ಸಾಮಾನು ಮಾರುವ ಅಂಗಡಿಗೆ ಹೋದೆವು. ಚಳಿಗಾಲದಲ್ಲಿ ಊರಿಗೆ ಊರೇ ಡೇರೆ ಹಾಕಲು ಹೊರಡುವುದರಿಂದ ಅಂಥ ಅಂಗಡಿಗಳು ಇಲ್ಲಿ ಬೇಕಾದಷ್ಟಿವೆ. ಬೇಸಗೆಯಲ್ಲಿ ಅವುಗಳೊಳಗೆ ಧೂಳು ಮತ್ತು ಒಬ್ಬ ಸೇಲ್ಸ್‌ಮನ್ ಮಾತ್ರ. ಈತ ಉಳ್ಳಾಲದ ಕಡೆಯ ಬ್ಯಾರಿ, ಐವತ್ತರ ಆಸುಪಾಸು. ನಮ್ಮ ಮಾತು ಕೇಳಿದ ಕೂಡಲೇ ಕನ್ನಡಕ್ಕೆ ಬಂದ.

"ಎಲ್ಲಿಗೆ ಅಕ್ಕಾ, ಈ ಸೆಕೆಯಲ್ಲಿ ಟಾರ್ಚು, ಕಂಬಳಿ?"

ಅಕ್ಕ ಹೇಳಿದಳು.

"ಅಷ್ಟು ಮೇಲೆ? ಇಲ್ಲಿ ನಾವು ನೋಡಿದ ಎತ್ತರ ಅಂದ್ರೆ ಫ್ಲೈಓವರ್ ಒಂದೇ ಅಲ್ವಾ!" ಎಂದು ನಕ್ಕ. ನಂತರ ಭಾವನ ಕಡೆ ತಿರುಗಿ, ನಗದೆ ಹೇಳಿದ: "ಭಾಯಿ, ನೀವು ಹುಷಾರು. ಸೆಕೆಯಲ್ಲಿ ದೇಹ ಬೈದರೂ ಅದನ್ನು ಕೇಳುವುದನ್ನೇ ನಮ್ಮಂಥವರು ಮರೆತಿದ್ದೇವೆ. ಬೇರೆ ಕಡೆ ಹೋದಾಗ ಅದು ಬೊಬ್ಬೆ ಹಾಕಿದರೂ ನಮಗೆ ಕೇಳುವುದಿಲ್ಲ."

ಭಾವ ಅವನ ಹೆಗಲು ತಟ್ಟಿ, "ನನಗಿಂತ ನನ್ನ ಹೆಂಡ್ತಿ ಬೊಬ್ಬೆ ಜೋರು, ಬಿಡಿ ಭಾಯಿ" ಎಂದರು.

ಜುಲೈ ಎರಡನೆಯ ವಾರ ನಡಿಗೆ ಶುರುವಾಯಿತು. ನಾಲ್ಕು ರಾತ್ರಿ, ಐದು ಹಗಲು. ಜೊತೆಗೆ ನಲವತ್ತು ದಾಟಿದ ಗೈಡ್, ಒಬ್ಬ ಅಡುಗೆಯವನು, ಸಾಮಾನು ಹೊರುವ ಎರಡು ಕುದುರೆ, ಅವುಗಳನ್ನು ನಡೆಸುವ ಮುದುಕ. ಗೈಡ್ ಉರ್ದುವಿನಲ್ಲಿ ಮಾತಾಡುತ್ತಿದ್ದ. ಕುವೈತಿನಲ್ಲಿ ಪಾಕಿಸ್ತಾನ, ಬಾಂಗ್ಲಾದವರ ಜೊತೆ ಅದರಲ್ಲೇ ವ್ಯವಹರಿಸುವ ನಮಗೆ ಅದು ಕಷ್ಟವಾಗಲಿಲ್ಲ. ಮೊದಲ ಸಂಜೆ ಅವನು ಬೆರಳಿಗೆ ಕಚ್ಚಿಸುವ ಸಣ್ಣ ಯಂತ್ರವನ್ನು ತೆಗೆದ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವಂಥದ್ದು. ನಾನು ಲ್ಯಾಬಿನವಳು ಎಂದು ತಿಳಿದದ್ದೇ, ಯಂತ್ರವನ್ನೂ ಒಂದು ನೋಟ್‌ಪುಸ್ತಕವನ್ನೂ ನನ್ನ ಕೈಗೆ ಕೊಟ್ಟ.

"ದಿನಾ ಸಂಜೆ ನೀವೇ ಬರೆಯಿರಿ, ಬೆಹನ್‌ಜಿ. ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ. ಒಂದು ನೆನಪಿರಲಿ, ಎಪ್ಪತ್ತೈದಕ್ಕಿಂತ ಕೆಳಗೆ ಬಂದವರು ಮರುದಿನ ಮೇಲಕ್ಕೆ ಹೋಗುವಂತಿಲ್ಲ. ಕೆಳಗೆ. ಅದರಲ್ಲಿ ಮಾತಿಲ್ಲ."

ಮೊದಲ ಸಂಜೆ ಅಕ್ಕನದು ತೊಂಬತ್ತು, ನನ್ನದು ಎಂಬತ್ತೊಂಬತ್ತು, ಭಾವನದು ಎಂಬತ್ತಾರು. ಬರೆದೆ.

ಎರಡನೆಯ ದಿನ ಪಾಸ್ ದಾಟುವುದಿತ್ತು. ಎರಡು ಶಿಖರಗಳ ನಡುವಿನ ತಗ್ಗನ್ನು ಅಲ್ಲಿ ಹಾಗೆನ್ನುತ್ತಾರೆ. ಹತ್ತುವಾಗ ನಾವು ಮೂವರೂ ಗೈಡ್ ಅಚ್ಚರಿಪಡುವಷ್ಟು ಚೆನ್ನಾಗಿ ಹತ್ತಿದೆವು. ಮೇಲೆ ನಿಂತಾಗ ಗಾಳಿ ಎಷ್ಟು ಜೋರಾಗಿತ್ತೆಂದರೆ ಮಾತು ಬಾಯಿಂದ ಹೊರಬೀಳುವ ಮುಂಚೆಯೇ ಹಾರಿಹೋಗುತ್ತಿತ್ತು. ಕೆಳಗೆ ಮೊದಲ ಸರೋವರ ಕಂಡಿತು. ಚಿತ್ರದಲ್ಲಿದ್ದಂತೆ ಹಸಿರಾಗಿರಲಿಲ್ಲ. ಮೋಡ ಕವಿದಿದ್ದರಿಂದ ಅದು ಸೀಸದ ಬಣ್ಣದ್ದಾಗಿತ್ತು, ಅಲುಗಾಡುತ್ತಿರಲಿಲ್ಲ. ಅಕ್ಕ ಅತ್ತಳು, ಸಂತೋಷದಿಂದಲೇ.

ಆಮೇಲೆ ಇಳಿಜಾರು. ಸಡಿಲ ಕಲ್ಲುಗಳ ಮೇಲೆ ಮೂರು ಗಂಟೆ. ಮೊದಲ ಅರ್ಧ ಗಂಟೆಯಲ್ಲೇ ಅಕ್ಕನ ಮಂಡಿಗಳು ನಡುಗತೊಡಗಿದವು. ಹತ್ತುವ ಸ್ನಾಯು ಬೇರೆ, ಇಳಿಯುವಾಗ ಭಾರ ತಡೆಯುವ ಸ್ನಾಯು ಬೇರೆ. ಎರಡು ತಿಂಗಳು ನಾವು ಒಂದನ್ನು ಮಾತ್ರ ಗಟ್ಟಿ ಮಾಡಿದ್ದೆವು. ಸಂಜೆ ಡೇರೆ ಸೇರುವ ಹೊತ್ತಿಗೆ ಅವಳ ಎರಡೂ ಮಂಡಿಗಳು ಊದಿದ್ದವು. ನನ್ನವೂ ನೋಯುತ್ತಿದ್ದವು, ಆದರೆ ಬಗ್ಗುತ್ತಿದ್ದವು. ಅಕ್ಕ ಮತ್ತು ನಾನು ಒಂದು ಡೇರೆಯಲ್ಲಿ, ಭಾವ ಪಕ್ಕದ ಡೇರೆಯಲ್ಲಿ. ಅವಳು ಒಳಗೆ ಮಲಗಿ ಮಂಡಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಳು. ನಾನು ಪುಸ್ತಕ ಹಿಡಿದು ಭಾವನ ಬಳಿ ಹೋದೆ.

ಅವರು ಡೇರೆಯ ಬಾಯಲ್ಲಿ ಕೂತು ನೀರು ಕುಡಿಯುತ್ತಿದ್ದರು. ಪಕ್ಕದಲ್ಲಿ ಎರಡು ಖಾಲಿ ಬಾಟಲಿ. ತಟ್ಟೆಯ ಅನ್ನ ಹಾಗೇ ಇತ್ತು.

"ತಲೆನೋವಾ ಭಾವ?"

"ನೀರು ಕಮ್ಮಿ ಆಗಿದೆ ಕಣಮ್ಮ. ಗಾಳಿ ನೋಡು, ಎಲ್ಲಾ ಹೀರ್ಕೊಂಡುಬಿಡುತ್ತೆ."

ಬೆರಳಿಗೆ ಯಂತ್ರ ಹಾಕಿದೆ. ಎಪ್ಪತ್ತೊಂದು. ಅವರ ಕೈಯನ್ನು ನನ್ನ ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ಹಾಕಿದೆ. ಎಪ್ಪತ್ತಮೂರು.

ಅವರು ಯಂತ್ರವನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. "ಬೆರಳು ತಣ್ಣಗಿದ್ರೆ ತಪ್ಪು ತೋರಿಸುತ್ತೆ ಅಂತ ನೀನೇ ಹೇಳಿದ್ದೆ ಅಲ್ವಾ ಲ್ಯಾಬ್ ಮೇಡಮ್ಮು?"

"ಸ್ವಲ್ಪ ತೋರಿಸುತ್ತೆ. ಇಷ್ಟಲ್ಲ."

"ಎಂಬತ್ತು ಚಿಲ್ಲರೆ ಏನಾದ್ರೂ ಬರ್ಕೋ. ಬೆಳಿಗ್ಗೆ ಸರಿಹೋಗುತ್ತೆ. ಎಂಟು ವರ್ಷ ಕಾದಿದಾಳೆ ಕಣೇ ನಿಮ್ಮಕ್ಕ. ಒಂದು ಕೆರೆ ನೋಡಿ ವಾಪಸ್ ಹೋಗೋಣ ಅಂತ ಹೇಳೋಕೆ ನನ್ ಕೈಲಾಗಲ್ಲ. ನಿನ್ ಕೈಲಾಗುತ್ತಾ?"

ನನ್ನ ಕೆಲಸದಲ್ಲಿ ನಾನು ಒಂದು ಅಂಕಿಯನ್ನೂ ಬದಲಿಸಿದವಳಲ್ಲ. ಸಂಶಯ ಬಂದರೆ ಮಾದರಿಯನ್ನೇ ಮತ್ತೆ ತರಿಸುತ್ತೇನೆ. ಆ ಸಂಜೆ ಎಂಬತ್ನಾಲ್ಕು ಎಂದು ಬರೆದೆ. ಎಂಬತ್ತಾರರಿಂದ ಎರಡು ಇಳಿದರೆ ಯಾರೂ ಪ್ರಶ್ನಿಸುವುದಿಲ್ಲ ಎಂದು ಲೆಕ್ಕ ಹಾಕಿಯೇ ಬರೆದೆ. ಡೇರೆಗೆ ಹಿಂತಿರುಗಿದಾಗ ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಅವರದ್ದು ಎಷ್ಟು?"

"ಎಂಬತ್ನಾಲ್ಕು."

"ಹಾಂ, ಸಾಕು" ಎಂದು ಮಗ್ಗುಲು ತಿರುಗಿದಳು.

ಮೂರನೆಯ ದಿನದ ನಡಿಗೆ ಸಣ್ಣದು. ಎರಡನೆಯ ಸರೋವರ ಮೊದಲನೆಯದಕ್ಕಿಂತ ಇನ್ನೂರು ಮೀಟರ್ ಮೇಲಿತ್ತು. ಅಕ್ಕ ಎರಡು ಕೋಲುಗಳ ಮೇಲೆ ಭಾರ ಬಿಟ್ಟು, ಕಣ್ಣನ್ನು ತನ್ನ ಪಾದಗಳ ಮೇಲೇ ಇಟ್ಟು ನಡೆದಳು. ಅದಕ್ಕೇ ಅವಳು ಹಿಂದೆ ತಿರುಗಿ ನೋಡಲಿಲ್ಲ. ಭಾವ ಎಲ್ಲರಿಗಿಂತ ಹಿಂದೆ ಬರುತ್ತಿದ್ದರು. ನಾನು ಎರಡು ಸಲ ನಿಂತು ನೋಡಿದೆ. ಸಮತಟ್ಟಾದ ಹುಲ್ಲಿನ ಮೇಲೂ ಅವರು ಕಾಲುಗಳನ್ನು ಅಗಲಿಸಿ, ದೋಣಿಯ ಮೇಲೆ ನಡೆಯುವವರಂತೆ ನಡೆಯುತ್ತಿದ್ದರು.

ಒಂದು ಗಂಟೆಗೆ ಸರೋವರ ತಲುಪಿದೆವು. ಮೂರು ಕಡೆ ನೆಟ್ಟಗೆ ಎದ್ದ ಬಂಡೆ. ಹೊರಹೋಗಲು ಎರಡೇ ದಾರಿ. ಒಂದು ಮರುದಿನ ದಾಟಬೇಕಾದ ಇನ್ನೂ ಎತ್ತರದ ಪಾಸ್. ಇನ್ನೊಂದು, ಸರೋವರದ ನೀರು ಹೊರಬೀಳುವ ತೊರೆಯ ಪಕ್ಕದ ಕಡಿದಾದ ಇಳಿಜಾರು. ಅದರ ಬುಡದಲ್ಲಿ ಕುರಿಗಾಹಿಗಳ ಹುಲ್ಲುಗಾವಲು. ನೀರಿನ ಮೇಲೆ ಮಂಜುಗಡ್ಡೆಯ ಹಲಗೆಗಳಿದ್ದವು. ಆಗಾಗ ಎಲ್ಲಿಂದಲೋ ಒಂದು ಕಲ್ಲು ಉರುಳಿ ನೀರಿಗೆ ಬೀಳುವ ಸದ್ದಾಗುತ್ತಿತ್ತು. ಎಲ್ಲಿ ಬಿತ್ತೆಂದು ನೋಡುವಷ್ಟರಲ್ಲಿ ಅಲೆಗಳು ಮುಗಿದಿರುತ್ತಿದ್ದವು.

ಎರಡು ಗಂಟೆಗೆ ಗೈಡ್ ನನ್ನ ಬಳಿ ಬಂದ. ಪಾಸಿನ ಕಡೆಯಿಂದ ಮೋಡ ಇಳಿಯುತ್ತಿತ್ತು.

"ಇಂದು ಮಳೆ ಬಂದರೆ ತೊರೆ ಉಕ್ಕುತ್ತದೆ. ಆಮೇಲೆ ಒಂದು ದಿನವೋ ಎರಡು ದಿನವೋ ಆ ದಾರಿ ಇಲ್ಲ. ಯಾರಿಗಾದರೂ ಆಗುವುದಿಲ್ಲ ಎಂದರೆ ಈಗಲೇ ಇಳಿಸಬೇಕು. ಮೇಡಂ ಮಂಡಿ ನೋವಿಗೆ ಅವಸರವಿಲ್ಲ, ನಾಳೆ ಕುದುರೆಯ ಮೇಲೆ ಪಾಸ್ ದಾಟಿಸಬಹುದು. ಸಾಹೇಬರು ಸುಸ್ತಾಗಿ ಕಾಣುತ್ತಿದ್ದಾರೆ. ಪುಸ್ತಕ ಕೊಡಿ."

ಕೊಟ್ಟೆ. ಅವನ ಬೆರಳು ಸಾಲಿನ ಮೇಲೆ ಹರಿದು ನಿಂತಿತು. ದೂರದಲ್ಲಿ ಕಲ್ಲಿನ ಮೇಲೆ ಕೂತಿದ್ದ ಭಾವನ ಕಡೆ ನೋಡಿದ. ಭಾವ ಕೈ ಎತ್ತಿ ನಕ್ಕರು.

"ಎಂಬತ್ನಾಲ್ಕು. ಹಾಗಾದರೆ ಬರೀ ದಣಿವು. ಇಲ್ಲೇ ಇರೋಣ" ಎಂದು ಪುಸ್ತಕ ಹಿಂತಿರುಗಿಸಿ ಹೋದ.

ಆಗ ನಾನು ಹೇಳಬಹುದಿತ್ತು. ನಾಲಿಗೆಯ ಮೇಲೆ ಮಾತು ಇತ್ತು. ಹೇಳಿದರೆ ಮೊದಲು ನಾನು ಸುಳ್ಳು ಬರೆದೆ ಎಂದು ಹೇಳಬೇಕಾಗಿತ್ತು. ಅಕ್ಕನ ಎದುರು, ಈ ಅಪರಿಚಿತನ ಎದುರು. ಇನ್ನೊಂದು ಸಲ ಅಳೆದು ನೋಡಿ, ಏರಿದ್ದರೆ ಹೇಳುವ ಅಗತ್ಯವೇ ಇರುವುದಿಲ್ಲ ಎಂದುಕೊಂಡೆ. ಆದರೆ ಅಳೆಯಲು ಹೋಗಲಿಲ್ಲ. ಏರಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಸಾಕ್ಸ್ ಒಗೆದೆ. ಚೀಲ ಜೋಡಿಸಿದೆ. ಮೂರು ಗಂಟೆಗೆ ಮೋಡ ಅರ್ಧ ಬಂಡೆಯನ್ನು ನುಂಗಿತ್ತು. ನಾಲ್ಕಕ್ಕೆ ಆಚೆ ದಡ ಕಾಣುತ್ತಿರಲಿಲ್ಲ. ಮುದುಕ ಕುದುರೆಗಳನ್ನು ಡೇರೆಯ ಹತ್ತಿರಕ್ಕೆ ಎಳೆದು ಕಟ್ಟಿದ. ಅವು ಕಿವಿ ಹಿಂದಕ್ಕೆ ಮಾಡಿಕೊಂಡು ನಿಂತಿದ್ದವು.

ನಾಲ್ಕೂವರೆಗೆ ಚಹಾ ಹಿಡಿದು ಭಾವನ ಬಳಿ ಹೋದೆ. ಅವರು ಬಗ್ಗಿ ಬೂಟಿನ ಲೇಸ್ ಕಟ್ಟುತ್ತಿದ್ದರು. ಎರಡು ತುದಿಗಳನ್ನು ಹಿಡಿಯುತ್ತಿದ್ದರು, ಬಿಡುತ್ತಿದ್ದರು, ಮತ್ತೆ ಹಿಡಿಯುತ್ತಿದ್ದರು.

"ವ್ಯಾನ್ ಬಂತಾ?" ಎಂದು ಕೇಳಿದರು.

"ಯಾವ ವ್ಯಾನ್, ಭಾವ?"

"ಕಂಪ್ರೆಸರ್ ವ್ಯಾನು. ಶಟರ್ ಎಳೀಬೇಡಿ ಅನ್ನು, ಎರಡು ಯೂನಿಟ್ ಹೊರಗೇ ಇದೆ."

ಅವರ ದನಿ ಸಹಜವಾಗಿತ್ತು. ಅದೇ ನನ್ನನ್ನು ಹೆದರಿಸಿತು. ಚಹಾವನ್ನು ಅಲ್ಲೇ ಇಟ್ಟು ಓಡಿದೆ.

ಅಡುಗೆ ಡೇರೆಯಲ್ಲಿ ಗೈಡ್ ಇದ್ದ. ಮಂಡಿ ಕಾಯಿಸಿಕೊಳ್ಳಲೆಂದು ಅಕ್ಕ ಕೂಡ ಒಲೆಯ ಪಕ್ಕ ಕೂತಿದ್ದಳು. ಅವಳು ಇಲ್ಲದಾಗ ಹೇಳುವ ಅವಕಾಶವೂ ಸಿಗಲಿಲ್ಲ.

"ಪುಸ್ತಕದಲ್ಲಿರುವುದು ಸುಳ್ಳು" ಎಂದೆ, ಉರ್ದುವಿನಲ್ಲಿ. ಅದೇ ಮಾತನ್ನು ಅಕ್ಕನಿಗೆ ಕೊಂಕಣಿಯಲ್ಲಿ ಹೇಳಿದೆ.

"ಎಷ್ಟಿತ್ತು?" ಎಂದಳು ಅಕ್ಕ.

"ಎಪ್ಪತ್ತೊಂದು. ಬಿಸಿ ಮಾಡಿದ ಮೇಲೆ ಎಪ್ಪತ್ತಮೂರು."

"ಈಗಲಾ?"

"ನಿನ್ನೆ ಸಂಜೆ."

"ನಿನ್ನೆ" ಎಂದಳು. ಏಳಲು ಹೋದಳು, ಮಂಡಿ ಹಿಡಿಯಲಿಲ್ಲ, ಕೂತಲ್ಲಿಂದಲೇ ಕೈಯೂರಿ ತೆವಳಿಕೊಂಡು ಹೊರಗೆ ಹೋದಳು. ಭಾವನಿಗೆ ನೇರ ಗೆರೆಯಲ್ಲಿ ನಾಲ್ಕು ಹೆಜ್ಜೆ ನಡೆಯಿರಿ ಎಂದಳು. ಎರಡನೆಯ ಹೆಜ್ಜೆಗೆ ಅವರು ಬಿದ್ದರು. ಗೈಡ್ ಯಂತ್ರ ಹಾಕಿದ. ಐವತ್ತೆಂಟು.

ಆಮೇಲೆ ನಡೆದದ್ದೆಲ್ಲ ಬೇಗ ನಡೆಯಿತು. ಅಕ್ಕ ತನ್ನ ಔಷಧಿಯ ಡಬ್ಬಿಯಿಂದ ಮಿದುಳಿನ ಊತ ಇಳಿಸುವ ಒಂದು ಮಾತ್ರೆ ತೆಗೆದು ಅವರ ಬಾಯಿಗೆ ಹಾಕಿದಳು. ಗೈಡ್ ಇದ್ದ ಒಂದೇ ಒಂದು ಸಣ್ಣ ಆಮ್ಲಜನಕದ ಸಿಲಿಂಡರನ್ನು ತಂದ. ಕುದುರೆಯ ಮೇಲೆ ಕೂರಿಸಿ ಇಳಿಸುವಂಥ ದಾರಿಯಲ್ಲ ಅದು. ಭಾವನ ಸೊಂಟಕ್ಕೆ ಹಗ್ಗ ಕಟ್ಟಿ ಮುಂದೆ ಗೈಡ್, ಹಿಂದೆ ಕುದುರೆಯ ಮುದುಕ. ಸಿಲಿಂಡರ್ ಹೊತ್ತು ನಾನು.

"ನಾನೂ ಬರ್ತೇನೆ" ಎಂದಳು ಅಕ್ಕ.

ಗೈಡ್ ಅವಳ ಮಂಡಿಗಳನ್ನು ನೋಡಿ ತಲೆಯಾಡಿಸಿದ. "ಇಬ್ಬರನ್ನು ಹೊರಲು ನಮ್ಮಲ್ಲಿ ಜನ ಇಲ್ಲ, ಬೆಹನ್‌ಜಿ."

ಅವಳು ಭಾವನ ಬೂಟಿನ ಲೇಸ್‌ಗಳನ್ನು ತಾನೇ ಕಟ್ಟಿದಳು, ಎರಡೆರಡು ಗಂಟು. ಅವಳನ್ನು ಅಡುಗೆಯವನೊಂದಿಗೆ ಅಲ್ಲೇ ಬಿಟ್ಟು ಹೊರಟೆವು. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದೆ. ಮಂಜಿನಲ್ಲಿ ಅವಳಿರಲಿ, ಡೇರೆಯೂ ಕಾಣಲಿಲ್ಲ.

ಆ ಇಳಿಜಾರಿನ ಬಗ್ಗೆ ಹೆಚ್ಚು ಬರೆಯಲಾರೆ. ಎಡಗಡೆ ತೊರೆಯ ಸದ್ದು ಗಳಿಗೆ ಗಳಿಗೆಗೆ ದಪ್ಪವಾಗುತ್ತಿತ್ತು. ಮಳೆ ಶುರುವಾಗಿತ್ತು. ಒಂದು ಕಡೆ ನೀರನ್ನು ದಾಟಲೇಬೇಕಿತ್ತು, ಆಗಲೇ ಅದು ಮೊಣಕಾಲಿನವರೆಗೆ ಬಂದಿತ್ತು. ಎರಡು ಗಂಟೆಗೆ ಹೊರಟಿದ್ದರೆ ಪಾದ ಮುಳುಗುವಷ್ಟೂ ಇರುತ್ತಿರಲಿಲ್ಲ ಎಂದು ಗೈಡ್ ಹೇಳಿದ. ಬೈಯಲಿಲ್ಲ, ದಾರಿಯ ಬಗ್ಗೆ ಹೇಳುವಂತೆಯೇ ಹೇಳಿದ. ಭಾವ ಮೊದಲು ಶಟರಿನ ಬಗ್ಗೆ, ಯಾರೋ ತೆಗೆದುಕೊಂಡು ಹೋದ ಸ್ಪ್ಯಾನರಿನ ಬಗ್ಗೆ ಮಾತಾಡುತ್ತಿದ್ದರು. ಆಮೇಲೆ ಮಾತು ನಿಂತಿತು. ಮಾತಿಗಿಂತ ಅದು ಕೆಟ್ಟದಾಗಿತ್ತು. ಸಿಲಿಂಡರ್ ಅರ್ಧ ದಾರಿಗೆ ಮುಗಿಯಿತು. ಕತ್ತಲಾಗುವ ಹೊತ್ತಿಗೆ ಹುಲ್ಲುಗಾವಲಿನ ಅಂಚಿನಲ್ಲಿ ನಾಯಿಗಳು ಬೊಗಳಿದವು, ಮರದ ದಿಮ್ಮಿಯ ಒಂದು ಗುಡಿಸಲು ಸಿಕ್ಕಿತು. ಕುರಿಗಾಹಿಯ ಹೆಂಡತಿ ಏನೂ ಕೇಳದೆ ಒಲೆಯ ಪಕ್ಕದ ಜಾಗ ಬಿಟ್ಟುಕೊಟ್ಟಳು.

ಬೆಳಗಿನವರೆಗೆ ಅವರ ಉಸಿರನ್ನು ಎಣಿಸಿದೆ. ಬೆಳಕು ಹರಿದ ಮೇಲೆ ಅವರು ಕಣ್ಣು ತೆರೆದು, ಸೂರನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು.

"ನಿಮ್ಮಕ್ಕ ಎಲ್ಲಿ?" ಎಂದರು.

ಅದು ಸರಿಯಾದ ಪ್ರಶ್ನೆ. ಹಿಂದಿನ ಮಧ್ಯಾಹ್ನದಿಂದ ಅವರು ಕೇಳಿದ ಮೊದಲ ಸರಿಯಾದ ಪ್ರಶ್ನೆ. ಅವರು ಉಳಿಯುತ್ತಾರೆ ಎಂದು ಆಗ ಗೊತ್ತಾಯಿತು. ಆದರೆ ಅಕ್ಕ ಇನ್ನೂ ಮೇಲೆಯೇ ಇದ್ದಳು. ಮಳೆ ನಿಂತಿರಲಿಲ್ಲ, ತೊರೆಯ ದಾರಿ ಮುಚ್ಚಿತ್ತು. ನೀರು ಸ್ವಲ್ಪ ಇಳಿದರೂ ದಾಟಿ ಅವಳನ್ನು ಕರೆತರಲೆಂದು ಗೈಡ್ ಬೆಳಗಾಗುವ ಮೊದಲೇ ಮುದುಕನೊಂದಿಗೆ ತೊರೆಯವರೆಗೆ ಹೋಗಿದ್ದ.

ಅಕ್ಕ ಬಂದದ್ದು ಮರುದಿನ ಮಧ್ಯಾಹ್ನ. ಇಳಿಜಾರಿನ ಬಹುಪಾಲನ್ನು ಅವಳು ಕೂತು ಜಾರಿಕೊಂಡೇ ಇಳಿದಿದ್ದಳು. ಪ್ಯಾಂಟ್ ಹರಿದಿತ್ತು, ಅಂಗೈಗಳ ಚರ್ಮ ಕಿತ್ತು ಬಂದಿತ್ತು. ನೀರು ದಾಟಿಸುವಾಗ ಗೈಡ್ ಅವಳನ್ನು ಬೆನ್ನ ಮೇಲೆ ಹೊತ್ತಿದ್ದನಂತೆ. ಗುಡಿಸಲಿನ ಬಾಗಿಲಲ್ಲಿ ಅವಳನ್ನು ಕಂಡು ಭಾವ ಎದ್ದು ಕೂತರು.

"ಲಿಫ್ಟ್ ಸಿಗ್ಲಿಲ್ವಾ?" ಎಂದರು.

"ನಿಮ್ಮ ನಾಲಿಗೆಗೆ ಮಾತ್ರ ಏನೂ ಆಗಲಿಲ್ಲ ನೋಡಿ" ಎಂದು ಅವರ ಎದೆಗೆ ಹಣೆ ಒತ್ತಿ ಕೂತಳು. ಅವಳ ಬೆನ್ನು ಅಲುಗುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ನಾನು ಹೇಳಿದೆ: "ಬೆಳಿಗ್ಗೆ ಎಂಬತ್ತೆಂಟು ಇತ್ತು, ಅಕ್ಕ."

ಅವಳು ತಿರುಗಲಿಲ್ಲ. "ನೀನು ಹೇಳ್ಬೇಡ. ನಾನು ನೋಡ್ತೇನೆ" ಎಂದಳು. ಜೋರಾಗಿ ಹೇಳಲಿಲ್ಲ. ಚರ್ಮ ಕಿತ್ತ ಬೆರಳುಗಳನ್ನು ಅವರ ಮಣಿಕಟ್ಟಿನ ಮೇಲಿಟ್ಟು, ಕೈಗಡಿಯಾರ ನೋಡುತ್ತ ನಾಡಿ ಎಣಿಸತೊಡಗಿದಳು. ಒಂದು ಪೂರ್ತಿ ನಿಮಿಷ ಎಣಿಸಿದಳು. ಮತ್ತೆ ಮೊದಲಿನಿಂದ ಎಣಿಸಿದಳು.

ಈಗ ಸೆಪ್ಟೆಂಬರ್. ಭಾವ ವರ್ಕ್‌ಶಾಪಿಗೆ ಹೋಗುತ್ತಿದ್ದಾರೆ. ಅಕ್ಕ ಮೆಟ್ಟಿಲು ಹತ್ತುವುದಿಲ್ಲ. ಆ ಪುಸ್ತಕದ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತಿಲ್ಲ. ನನ್ನ ಮೇಲೆ ಅವಳಿಗೆ ಸಿಟ್ಟಿದೆಯೇ ಎಂದರೆ ಇಲ್ಲ ಎನ್ನಬಹುದು, ಊಟ ಬಡಿಸುತ್ತಾಳೆ, ವಾರ್ಡಿನ ಕಥೆ ಹೇಳುತ್ತಾಳೆ. ರಾತ್ರಿ ಅಡುಗೆಮನೆಯ ಕೆಲಸ ಮುಗಿಸಿ ನಾನು ಗ್ಯಾಸ್ ಬಂದ್ ಮಾಡಿದೆ ಎನ್ನುತ್ತೇನೆ. ಅವಳು ಹಾಂ ಎನ್ನುತ್ತಾಳೆ. ಸ್ವಲ್ಪ ಹೊತ್ತು ಕೂತಿರುತ್ತಾಳೆ. ಆಮೇಲೆ ಗೋಡೆ ಹಿಡಿದು ಎದ್ದು, ಇನ್ನೂ ಸರಿಯಾಗಿ ಬಾಗದ ಆ ಮಂಡಿಗಳ ಮೇಲೆಯೇ ಅಡುಗೆಮನೆಗೆ ಹೋಗಿ, ತಾನೇ ನೋಡಿ ಬರುತ್ತಾಳೆ.